ಅಜ್ಜಯ್ಯ ಕೂರುವ ಸೀಟಿನ ಬೆಲ್ಟು

ಹೊಳೆದಂಡೆಯ ಆಶ್ರಮದಲ್ಲಿ ಅಜ್ಜಯ್ಯ ಅಂತ ಒಬ್ಬರು ಗುರುಗಳು. ಹನ್ನೆರಡು ವರ್ಷದಿಂದ ಬೇಲಿ ದಾಟಿದವರಲ್ಲ. ಅಂಥವರು ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತ, "ಸೋಮವಾರ ಅಕ್ಕನ್ನ ನೋಡೋಕೆ ಹೋಗ್ತೀನಿ. ಬೆಟ್ಟದಾಚೆ ಇದ್ದಾಳೆ, ಹೇಳಿ ಕಳಿಸಿದ್ದಾಳೆ" ಅಂದುಬಿಟ್ಟರು.

ಶಿಷ್ಯ ಮರುಳಸಿದ್ದನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಶ್ರಮಕ್ಕೆ ಬರುವ ಮುಂಚೆ ಎಂಟು ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಇಲ್ಲಿ ಆರು ವರ್ಷ ಕಳೆದರೂ ಗಿಡಕ್ಕೆ ನೀರು ಹಾಕುವುದು ಬಿಟ್ಟರೆ ಬೇರೇನೂ ಅವನ ಪಾಲಿಗೆ ಬಂದಿರಲಿಲ್ಲ.

"ಅಜ್ಜಯ್ಯ, ಕಾರು ನಾನು ಓಡಿಸ್ತೀನಿ."

ಕಾರೆಂದರೆ ಭಕ್ತರೊಬ್ಬರು ಪ್ರೀತಿಯಿಂದ ಬಿಟ್ಟುಹೋದ ಹಳೇ ಅಂಬಾಸಿಡರ್. ಎಂಜಿನ್ ಇವತ್ತಿಗೂ ಗುಂಡುಕಲ್ಲಿನಂತಿತ್ತು. ಸೀಟಿನ ಬೆಲ್ಟುಗಳನ್ನು ಮಾತ್ರ ಇಲಿಗಳು ಕಡಿದು ಹಾಳುಮಾಡಿದ್ದವು.

ಅಜ್ಜಯ್ಯ ಎದ್ದುಹೋಗಿ ಎಡಗಡೆಯ ಬೆಲ್ಟನ್ನು ಎಳೆದು ನೋಡಿದರು. ಒಂದು ಎಳೆ ಕಿತ್ತು ಬೆರಳಿಗೆ ಬಂತು.

"ಇವನ್ನ ತೆಗೆದು ಹೊಸದು ಹಾಕು. ಸ್ಟೀರಿಂಗ್ ಯಾರ ಕೈಗೆ ಅಂತ ಆಮೇಲೆ ಹೇಳ್ತೀನಿ."

"ಅಷ್ಟೇನಾ! ಅರ್ಧ ದಿನದ ಕೆಲಸ."

ಅಜ್ಜಯ್ಯ ನಕ್ಕರು. ಆ ನಗು ಕಂಡರೆ ಅಡುಗೆಯ ಹೊನ್ನಮ್ಮನಿಗೂ ದಿಗಿಲು. ಮರುಳಸಿದ್ದನಿಗೆ ಅದು ಕಾಣಲೇ ಇಲ್ಲ ಬಿಡಿ, ಅವನಾಗಲೇ ಪೇಟೆಯ ದಾರಿ ಹಿಡಿದಿದ್ದ.

ಹೊಸ ಬೆಲ್ಟು ಬಂತು, ಬೋಲ್ಟುಗಳೂ ಬಂದವು. ಬಲಗಡೆಯದು ಸಲೀಸಾಗಿ ಮುಗಿಯಿತು. ಎಡಗಡೆಯಲ್ಲಿ ಬಾಗಿಲ ಕಂಬದ ಬೋಲ್ಟೂ ಬಿಚ್ಚಿ ಬಂತು. ನೆಲದ ಬೋಲ್ಟು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಸ್ಪ್ಯಾನರ್ ಹಾಕಿ ತಿರುಗಿಸಿದ. ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ, ಹಲ್ಲು ಕಚ್ಚಿ ಜಗ್ಗಿದ. ಬೋಲ್ಟಿನ ತಲೆಯ ಮೂಲೆಗಳೆಲ್ಲ ಸವೆದು ಉರುಟಾಗಿ ಹೋದವು. ಇನ್ನು ಸ್ಪ್ಯಾನರ್ ಕೂರುವ ಹಾಗೂ ಇರಲಿಲ್ಲ.

"ಥೂ, ದರಿದ್ರದ್ದು!"

ಸುತ್ತ ನೋಡಿದ. ಯಾರೂ ಇರಲಿಲ್ಲ. ಹಳೇ ಬೆಲ್ಟನ್ನು ಬುಡಕ್ಕೇ ಕೊಯ್ದು, ನಾಲ್ಕು ಬೆರಳು ಪಕ್ಕದಲ್ಲಿ ತೆಳು ತಗಡಿಗೆ ಹೊಸ ತೂತು ಕೊರೆದ. ಅಲ್ಲೇ ಬಿಗಿದು, ಮೇಲೆ ಮ್ಯಾಟು ಹಾಸಿ, ಅಂಗೈಯಲ್ಲಿ ಸವರಿ ಸರಿಮಾಡಿದ. ನೋಡಿದರೆ ಎಷ್ಟು ಚೆಂದ ಅಂತೀರಿ! ಮದುವೆಗೆ ಹೊರಟ ಕಾರು ಅನ್ನಬೇಕು.

"ಅಜ್ಜಯ್ಯ, ಆಯ್ತು!"

ಅಜ್ಜಯ್ಯ ಬಂದರು. ಬೆಲ್ಟು ಮುಟ್ಟಿದರು, ಬಕಲ್ ಹಾಕಿ ತೆಗೆದರು. ಮ್ಯಾಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಗಟ್ಟಿಯಾಗಿದೆಯಾ?"

"ಆನೆ ಕಟ್ಟಬಹುದು."

"ಆನೆ ಎಲ್ಲಿ ತರೋಣ? ಬಾವಿ ಹಗ್ಗ ತಗೊಂಡು ಬಾ."

ಹಗ್ಗ ಬಂತು. ಅಜ್ಜಯ್ಯ ಖಾಲಿ ಸೀಟಿಗೆ ಬೆಲ್ಟು ಹಾಕಿ, ಅದಕ್ಕೆ ಹಗ್ಗದ ಒಂದು ತುದಿ ಬಿಗಿದರು. ಇನ್ನೊಂದು ತುದಿಯನ್ನು ತೆರೆದ ಬಾಗಿಲಿನಿಂದ ಹೊರಗೆಳೆದು, ಕಾರಿನ ಮುಂದಿದ್ದ ಹೊಂಗೆ ಮರಕ್ಕೆ ಸುತ್ತಿ ಗಂಟು ಹಾಕಿದರು. ಆಮೇಲೆ ಮರದ ಬುಡದ ಕಟ್ಟೆಯ ಮೇಲೆ ಆರಾಮಾಗಿ ಕೂತರು.

"ಈಗ ಕಾರು ಹಿಂದಕ್ಕೆ ತೆಗಿ. ಜೋರಾಗಿ."

ಮರುಳಸಿದ್ದ ಸ್ಟೀರಿಂಗ್ ಮುಂದೆ ಕೂತ. ಎಂಜಿನ್ ಶುರುವಾಯಿತು. ಗೇರಿನ ಮೇಲೆ ಕೈ ಇಟ್ಟ. ಕೈ ಅಲ್ಲೇ ನಿಂತಿತು.

ಹೊಳೆಯಲ್ಲಿ ನೀರು ಹರಿಯುತ್ತಿತ್ತು. ಹೊನ್ನಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ನೋಡುತ್ತಿದ್ದಳು.

"ಯಾಕೋ? ಬೆಲ್ಟು ಹೊಸದಲ್ವಾ?"

"ಹೊಸದು, ಅಜ್ಜಯ್ಯ."

"ಮತ್ತೆ?"

ಮರುಳಸಿದ್ದ ಎಂಜಿನ್ ನಿಲ್ಲಿಸಿದ. ಕಿವಿವರೆಗೂ ಬಿಸಿಯಾಗಿತ್ತು. ಇಳಿದು ಬಂದು ಮ್ಯಾಟು ಎತ್ತಿ ತೋರಿಸಿದ.

"ಬೋಲ್ಟು ಬರಲಿಲ್ಲ. ಪಕ್ಕದ ತಗಡಿಗೆ ಹಾಕಿದೆ. ಜಗ್ಗಿದರೆ ತಗಡು ಹರಿದು ಬರುತ್ತೆ. ಇದರಲ್ಲಿ ನಿಮ್ಮನ್ನ ಕೂರಿಸಿಕೊಂಡು ಬೆಟ್ಟ ಇಳಿಯೋನಿದ್ದೆ, ಅಜ್ಜಯ್ಯ."

ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತ.

"ಹಗ್ಗ ಬಿಚ್ಚು," ಅಂದರು ಅಜ್ಜಯ್ಯ. "ಹೊನ್ನಮ್ಮ ನೀರು ಸೇದಬೇಕು."

ಅವತ್ತು ಸಂಜೆ ಹೊನ್ನಮ್ಮ ಕೇಳಿದಳು, "ಪೇಟೆಯಿಂದ ಬಾಡಿಗೆ ಡ್ರೈವರಿಗೆ ಹೇಳಿ ಕಳಿಸ್ಲಾ?" ಮರುಳಸಿದ್ದನ ಜೀವ ಬಾಯಿಗೆ ಬಂತು. ಅಜ್ಜಯ್ಯ ಇನ್ನೊಂದು ಮುದ್ದೆ ಕೇಳಿದರು.

ಮಾರನೇ ದಿನ ಮರುಳಸಿದ್ದ ಕಾರಿನ ನೆಲಕ್ಕೆ ಮುಖ ಹಚ್ಚಿ ಮಲಗಿದ. ಬೋಲ್ಟಿನ ಬುಡಕ್ಕೆ ಸೀಮೆಎಣ್ಣೆ ಬಿಟ್ಟ. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಅರ ಹಿಡಿದು, ಸವೆದ ತಲೆಗೆ ಮತ್ತೆ ಮೂಲೆ ಬರುವಂತೆ ಉಜ್ಜುತ್ತ ಕೂತ.

ಮಧ್ಯಾಹ್ನ ಅಜ್ಜಯ್ಯ ಬಗ್ಗಿ ನೋಡಿದರು.

"ಬಂತಾ?"

"ಇಲ್ಲ."

"ಸರಿ, ಉಣ್ಣು ಬಾ."

ಮರುದಿನವೂ ಸೀಮೆಎಣ್ಣೆ, ಸುತ್ತಿಗೆ, ಅರ.

"ಬಂತಾ?"

"ಇಲ್ಲ, ಅಜ್ಜಯ್ಯ. ನಾಳೆ ಸೋಮವಾರ."

"ಸೋಮವಾರ ಆದಮೇಲೆ ಮಂಗಳವಾರ ಬರುತ್ತೆ."

"ಅಕ್ಕಾವ್ರು ಕಾಯ್ತಿರ್ತಾರೆ."

"ಹನ್ನೆರಡು ವರ್ಷ ಕಾದಿದ್ದಾಳೆ. ಹೇಳಿ ಕಳಿಸ್ತೀನಿ, ಎರಡು ದಿನ ಹೆಚ್ಚಿಗೆ ಬೈಕೊಳ್ಳಲಿ."

ಮಂಗಳವಾರ ಬೆಳಿಗ್ಗೆ ಮರುಳಸಿದ್ದ ಸ್ಪ್ಯಾನರ್ ಕೂರಿಸಿದ. ಈ ಸಲ ಪೈಪು ಹಾಕಲಿಲ್ಲ, ಹಲ್ಲೂ ಕಚ್ಚಲಿಲ್ಲ. ತುಸುವೇ ಒತ್ತಿದ. ಬೋಲ್ಟು ಕಿರ್ರೆಂದು ಕೂಗಿ ಕೂದಲೆಳೆಯಷ್ಟು ತಿರುಗಿತು. ಅವನು ಒಬ್ಬನೇ ನಕ್ಕುಬಿಟ್ಟ. ಮುಖವೆಲ್ಲ ಎಣ್ಣೆ, ಕಣ್ಣಲ್ಲಿ ನೀರು. ಆರು ವರ್ಷದಲ್ಲಿ ಅಷ್ಟು ಹಿತವಾಗಿ ಅವನು ನಕ್ಕಿರಲಿಲ್ಲ.

ಹಳೇ ತೂತಿನೊಳಗಿನ ತುಕ್ಕೆಲ್ಲ ಉಜ್ಜಿ, ಅಡಿಯಲ್ಲಿ ದಪ್ಪ ಕಬ್ಬಿಣದ ಪಟ್ಟಿಯಿದ್ದ ಆ ಜಾಗಕ್ಕೇ ಹೊಸ ಬೋಲ್ಟು ಬಿಗಿದ. ತಾನು ಕೊರೆದ ತೂತಿಗೆ ಪೇಟೆಯಲ್ಲಿ ತಗಡು ಬೆಸೆಸಿಕೊಂಡು ಬಂದ. ಮ್ಯಾಟು ಮಾತ್ರ ಹಾಸಲಿಲ್ಲ.

ಬುಧವಾರ ಬೆಳಿಗ್ಗೆ ಅಜ್ಜಯ್ಯ ಬಿಳಿ ಪಂಚೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಹೊನ್ನಮ್ಮ ಅಕ್ಕನಿಗೆಂದು ಚಕ್ಕುಲಿ ಕಟ್ಟಿಕೊಟ್ಟಳು. ಬಾಡಿಗೆ ಡ್ರೈವರ್ ಎಲ್ಲೂ ಕಾಣಲಿಲ್ಲ.

ಮರುಳಸಿದ್ದ ಬಾವಿ ಹಗ್ಗ ತಂದು ಹೊಂಗೆ ಮರದ ಬಳಿ ನಿಂತಿದ್ದ.

"ಬೋಲ್ಟು ನೋಡಿ, ಅಜ್ಜಯ್ಯ. ಮ್ಯಾಟು ಹಾಸಿಲ್ಲ."

ಅಜ್ಜಯ್ಯ ನೋಡಲಿಲ್ಲ. ಎಡಗಡೆ ಸೀಟಿನಲ್ಲಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಬೆಲ್ಟು ಎಳೆದು ಬಕಲ್ ಹಾಕಿದರು.

"ಹಗ್ಗ ತಂದಿದ್ದೀನಿ. ಹೊರಡೋ ಮುಂಚೆ ಒಂದು ಸಲ ಮರಕ್ಕೆ ಕಟ್ಟಿ ನೋಡೋದು ಬೇಡ್ವಾ?"

"ಮರ ಯಾಕೋ? ನನ್ನನ್ನೇ ಕಟ್ಟಿಕೊಂಡಿದ್ದೀನಲ್ಲ. ಗಾಡಿ ತೆಗಿ."