ಖಜಾನೆ ಬಾಗಿಲಿನ ಮೂರು ಬೀಗ

ಬ್ಯಾಂಕಿನೊಳಗೆ ಕಾಲಿಡೋ ಮುಂಚೆ ಜನ ಚಪ್ಪಲಿ ಹೊರಗೆ ಬಿಡ್ತಿದ್ದ ಒಂದಾನೊಂದು ಕಾಲದಲ್ಲಿ, ಪೇಟೆ ಬೀದಿಯಲ್ಲಿ ಚನ್ನವೀರಶೆಟ್ಟರು ಅಂತ ಒಬ್ಬರು ಕಲ್ಲಿನ ಬ್ಯಾಂಕು ಕಟ್ಟಿಸಿದ್ರಂತೆ. ಆನೆ ಒರಗಿದ್ರೂ ಅಲುಗದ ಕಂಬ, ಹಿತ್ತಾಳೆ ಕಟಕಟೆ, ಒಳಗೊಂದು ಖಜಾನೆ ಕೋಣೆ. ಶೆಟ್ಟರಿಗೆ ಮೂರು ಗಂಡುಮಕ್ಕಳು, ಕೊಟ್ರಪ್ಪ, ಹಾಲಪ್ಪ, ತಿಪ್ಪಣ್ಣ. ಅವರ ಬೆನ್ನಿಗೆ ಗೌರವ್ವ ಅಂತ ಒಬ್ಬಳೇ ತಂಗಿ. ಅಣ್ಣತಮ್ಮಂದಿರು ಎಣ್ಣೆ ಸೀಗೆಕಾಯಿ. ಅದಕ್ಕೇ ಶೆಟ್ಟರು ಖಜಾನೆ ಬಾಗಿಲಿಗೆ ಮೂರು ಬೀಗ ಮಾಡಿಸಿ, ಒಬ್ಬೊಬ್ಬನಿಗೆ ಒಂದೊಂದು ಬೀಗದ ಕೈ ಕೊಟ್ರಂತೆ. ಮೂರೂ ಜನ ನಿಂತು ಒಟ್ಟಿಗೇ ತಿರುಗಿಸಿದ್ರೆ ಮಾತ್ರ ಬಾಗಿಲು ತೆಗೀತಿತ್ತು. ದಿನಾ ಹಿಂಗೆ ನಿಂತೂ ನಿಂತೂ ಮನಸ್ಸೂ ಒಂದಾದೀತು ಅಂತ, ಪಾಪ, ಅವರ ಲೆಕ್ಕ.

ಆಮೇಲೆ ಶೆಟ್ಟರು ಕಣ್ಣುಮುಚ್ಚಿದ್ರು. ಬೋರ್ಡಿನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಹತ್ತಿ, ಊರವರದ್ದನ್ನೆಲ್ಲ ಊರವರಿಗೆ ಒಪ್ಪಿಸಿ ಬ್ಯಾಂಕೇ ಮುಚ್ಚಿಬಿಟ್ರಂತೆ. ಖಜಾನೆಯಲ್ಲಿ ಉಳಿದಿದ್ದು ಅವ್ವನ ಚಿನ್ನದ ಡಾಬು ಒಂದೇ. ಗೌರವ್ವನ ಮಗಳು ಮದುವೆ ದಿನ ಸೊಂಟಕ್ಕೆ ಕಟ್ಟಲಿ, ಮೂರೂ ಜನ ಸೋದರಮಾವಂದಿರು ನಿಂತು ಕಟ್ಟಿಸಲಿ ಅಂತ ಅವ್ವ ಸಾಯೋವಾಗ ಹೇಳಿದ್ಲಂತೆ.

ಮಗಳಿಗೆ ಗಂಡು ಗೊತ್ತಾದ ಮೇಲೆ ಗೌರವ್ವ ದೊಡ್ಡಣ್ಣನ ಮನೆಗೆ ಹೋದ್ಲಂತೆ. ಕೊಟ್ರಪ್ಪ, ಬರ್ತೀನಿ ತಂಗಿ, ಆದ್ರೆ ಹಿರಿಯ ನಾನು ಹೋಗಿ ಆ ಕಿರಿಯರಿಗೆ ಕಾಯೋದಾ, ಅವರು ಬಂದು ನಿಂತಿರಲಿ ಅಂದ. ಆಮೇಲೆ ಹಾಲಪ್ಪನ ಮನೆಗೆ ಹೋದ್ರೆ, ನಿನ್ನ ದೊಡ್ಡಣ್ಣ ಬಾಗಿಲ ಮುಂದೆ ದ್ವಾರಪಾಲಕನ ಹಂಗೆ ನಿಂತಿರಲಿ, ನೋಡೋಕೆ ಚೆಂದ, ಆಗ ಬರ್ತೀನಿ ಅಂದ. ಆಮೇಲೆ ತಿಪ್ಪಣ್ಣ, ಇಬ್ಬರೂ ನಿಂತಿದಾರೆ ಅಂತ ಹೇಳಿ ಕಳಿಸು, ಅಲ್ಲೀವರೆಗೂ ನಾನು ಕದಲಲ್ಲ ಅಂದ. ಬರಲ್ಲ ಅಂತ ಒಬ್ಬನೂ ಅನ್ನಲಿಲ್ಲ ನೋಡು ಪುಟ್ಟಿ, ಎಲ್ಲರಿಗೂ ಕೊನೇಲೇ ಬರಬೇಕಿತ್ತು. ಗೌರವ್ವ ಬ್ಯಾಂಕಿನ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೂ ಕೂತು ಎದ್ದುಬಂದ್ಲಂತೆ. ಮಗಳು ಬರಿ ಸೊಂಟದಲ್ಲೇ ಹಸೆ ಏರಿದ್ಲಂತೆ.

ಆಮೇಲೆ ವರ್ಷಗಳು ಕಳೆದವು. ಕೊಟ್ರಪ್ಪ ಹೋದ, ಅವನ ಬೀಗದ ಕೈ ಗೌರವ್ವನ ಕೈಗೆ ಬಂತು. ಹಾಲಪ್ಪ ಹೋದ, ಅವನದ್ದೂ ಬಂತು. ತಿಪ್ಪಣ್ಣ ಹಾಸಿಗೆ ಹಿಡಿದಾಗ ತಾನೇ ಕರೆಸಿ ಕೊಟ್ಟು, ನೋಡ್ದಾ ತಂಗಿ, ಕೊನೆಗೆ ಕೊಟ್ಟೋನು ನಾನೇ ಅಂತ ನಕ್ಕನಂತೆ, ಅಷ್ಟೇ, ಅವನೂ ಹೋದ.

ಗೌರವ್ವ ಮೂರನ್ನೂ ಸೆರಗಿಗೆ ಕಟ್ಟಿಕೊಂಡು ಪೇಟೆ ಬೀದಿಗೆ ಹೋದ್ಲಂತೆ. ಕಟಕಟೆ ತುಂಬಾ ಪಾರಿವಾಳದ ಹಿಕ್ಕೆ. ಮೆಟ್ಟಿಲ ಮೇಲೆ ಹೂ ಮಾರೋಳನ್ನೂ ಪಕ್ಕದ ಅಂಗಡಿ ಕಾವಲುಗಾರನನ್ನೂ ಕರೆದು, ಒಂದು ಕೈ ಹಾಕ್ರಪ್ಪ ಅಂದ್ಲಂತೆ. ಮೂವರೂ ನಿಂತು ಒಟ್ಟಿಗೆ ತಿರುಗಿಸಿದ್ರು. ಒಂದೇ ಏಟಿಗೆ ಬಾಗಿಲು ತೆಗೀತಂತೆ.

ಗೌರವ್ವ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು, ಹೆತ್ತವರು ಹೋದಾಗಲೂ ಹಂಗೆ ಅತ್ತಿರಲಿಲ್ಲವಂತೆ. ಹೂ ಮಾರೋಳು ಒಳಗೆ ಇಣುಕಿ, ಡಾಬು ಎತ್ತಿ ತಂದು ಮಡಿಲಿಗೆ ಹಾಕಿ, ಅಳಬೇಡಿ ಅಮ್ಮಾ, ಎಲ್ಲಾ ಇದ್ದಂಗೇ ಇದೆ, ಏನೂ ಹೋಗಿಲ್ಲ ಅಂದ್ಲಂತೆ.

ಇಲ್ಲಿ ಎಲ್ಲರೂ ಸುಖವಾಗಿದ್ರು ಅನ್ನಬೇಕು ಕಣೇ. ಯಾರು ಉಳಿದಿದ್ರು ಅನ್ನೋಕೆ? ಕತೆ ಇಷ್ಟೇ, ಮಗ್ಗುಲಾಗು.