ಬಿಟ್ಟಿ ಗಡಿಗೆಗೂ ಬಾರದ ಸಾವಿರ ಕಿವಿ

"ಮಳೆ ಹಿಡಿಯೋ ಮುಂಚೆ ಗಡಿಗೆ ಮಾರಿಬಿಡಿ" ಅಂದಳು ನನ್ನ ಹೆಂಡತಿ. ಅದೇ ಅವಳ ಕೊನೇ ಮಾತು.

ಮುನ್ನೂರು ಗಡಿಗೆ ಇದ್ದವು. ನಾನು ತಟ್ಟಿದ್ದು, ಅವಳು ಕೆಮ್ಮಣ್ಣು ಬಳಿದು ಉಜ್ಜಿದ್ದು. ಇನ್ನು ಅಂಥವು ಹುಟ್ಟೋದಿಲ್ಲ.

ಕೇಳಿ ಮಕ್ಕಳೇ. ನಮ್ಮ ರಾಜನಿಗೆ ಆನೆ ಇರಲಿಲ್ಲ, ಕುದುರೆ ಇರಲಿಲ್ಲ. ಇದ್ದದ್ದು ಒಂದು ಸಂತೆ. ಸಂತೆ ಬಾಗಿಲಲ್ಲಿ ಗುಡಾರ ಹಾಕಿ ಸಿಂಗಾರಪ್ಪ ಅನ್ನೋ ದಲ್ಲಾಳಿ ಕೂತಿದ್ದ. ಬೀದಿಗೆ ಜಗುಲಿ ಇದ್ದವರು ಮಾಲು ಕೂಗೋಕೆ ಅವನಿಗೆ ಜಗುಲಿ ಒಪ್ಪಿಸಬೇಕು, ಕೂಗಿದ ಕೂಲೀಲಿ ಪಾಲು ತಗೋಬೇಕು. ಮಾಲು ಇದ್ದವರೂ ಅವನ ಹತ್ತಿರವೇ ಹೋಗಬೇಕು.

ಹತ್ತು ಜನ ದಾರಿಹೋಕರು ಬಂದರೆ ಸಾಕು, ಸಿಂಗಾರಪ್ಪ ಗುಡಾರದೊಳಗೆ ಪಿಸುಗುಡೋನು. "ಇವರ ಮನೇಲಿ ನಿನ್ನೆ ಗಡಿಗೆ ಒಡೆದಿದೆ. ಇವರ ಕಿವಿಗೆ ಕೂಗೋಕೆ ಯಾರೆಷ್ಟು ಕೊಡ್ತೀರಿ?" ಗಾಣಿಗ ಒಂದು ಮಿಳ್ಳೆ ಎಣ್ಣೆ ಅನ್ನೋನು. ಬಳೆಗಾರ ನಾಲ್ಕು ಬಳೆ ಅನ್ನೋನು. ನಾನು ಒಂದು ಗಡಿಗೆ ಅಂತಿದ್ದೆ. ಕಣ್ಣು ಮುಚ್ಚಿ ತೆಗೆಯೋದರಲ್ಲಿ ಹರಾಜು ಮುಗಿಯೋದು. ಗೆದ್ದವನ ಮಾಲನ್ನು ಸಿಂಗಾರಪ್ಪನ ಆಳು ಯಾವುದೋ ಜಗುಲಿ ಮೇಲೆ ನಿಂತು ಕೂಗೋನು. ಯಾರ ಜಗುಲಿ ಅಂತ ನಮಗೆ ಗೊತ್ತಿಲ್ಲ. ಯಾರ ಮಾಲು ಅಂತ ಅವರಿಗೆ ಗೊತ್ತಿಲ್ಲ.

ಮೊದಲ ಸಂತೆಗೆ ಕೂಗಿದ ಕೂಲಿ ಅಂತ ಇಪ್ಪತ್ತು ಗಡಿಗೆ ಗುಡಾರ ಸೇರಿತು. ಕೊಳ್ಳಲು ಒಬ್ಬರೂ ಬರಲಿಲ್ಲ.

"ಇನ್ನೂರು ಜನ ಕೇಳಿದರು ಕುಂಬಾರಣ್ಣ. ಕೇಳಿಸೋದು ನನ್ನ ಕೆಲಸ, ಕೊಳ್ಳಿಸೋದಲ್ಲ" ಅಂದ ಸಿಂಗಾರಪ್ಪ.

ಎರಡನೇ ಸಂತೆಗೆ ನಲವತ್ತು ಹೋಯಿತು.

"ನಿನ್ನ ಗಡಿಗೆ ಬಣ್ಣ ಸರಿಯಿಲ್ಲ" ಅಂದ. ಅವಳು ಉಜ್ಜಿದ್ದಕ್ಕೆ ಹಾಗಂದ.

ಮೂರನೇ ಸಂತೆಗೆ ನೂರು. ಸಾವಿರ ಜನ ಕೇಳಿದರಂತೆ. ಒಬ್ಬರೂ ಬರಲಿಲ್ಲ.

ಕೂಗಿದ ಜಗುಲಿ ಯಾವುದು ಅಂತ ಹುಡುಕಿಕೊಂಡು ಹೋದೆ. ಜಗುಲಿ ಕೊಟ್ಟಿದ್ದ ಚೆನ್ನವ್ವ ಸಿಕ್ಕಳು.

"ಅಕ್ಕ, ನಿನಗೆ ಎಷ್ಟು ಗಡಿಗೆ ಬಂತು?"

"ಮೊದಲ ಸಂತೇಲಿ ಎರಡು. ಅದರಲ್ಲೊಂದು ಬಿರುಕು. ಆಮೇಲೆ ನನ್ನ ಜಗುಲೀಲಿ ಯಾರೂ ಕೂಗಿಲ್ಲ."

"ನಾನು ನೂರರವತ್ತು ಕೊಟ್ಟೆನಲ್ಲಕ್ಕ."

"ಅವನ ಆಳು ಆಚೆ ಹೊಲದ ಬೆದರುಬೊಂಬೆಗಳಿಗೆ ಕೂಗ್ತಾನೆ ಕಣಣ್ಣ. ರುಮಾಲು ಸುತ್ತಿ ನಿಲ್ಲಿಸಿದ್ದಾನೆ, ಒಳ್ಳೆ ಬೀಗರ ಹಾಗೆ." ಚೆನ್ನವ್ವ ಹತ್ತಿರ ಸರಿದಳು. "ಈ ಸಲ ಬಿಟ್ಟಿ ಅಂತ ಕೂಗಿಸು. ನೋಡೋಣ."

ನಾಲ್ಕನೇ ಸಂತೆಗೆ ಸಿಂಗಾರಪ್ಪನ ಕೈಗೆ ನೂರು ಗಡಿಗೆ ಕೊಟ್ಟೆ. "ಕೇಳಿದವರಿಗೆಲ್ಲ ಒಂದೊಂದು ಗಡಿಗೆ ಬಿಟ್ಟಿ, ಬಂದು ಒಯ್ಯಿರಿ ಅಂತ ಕೂಗಿಸು" ಅಂದೆ. ಅವನು ಗಡಿಗೆ ನೋಡಿದ. ಮಾತು ಯೋಚಿಸಲಿಲ್ಲ.

ಉಳಿದ ನಲವತ್ತನ್ನು ಮುಂದಿಟ್ಟುಕೊಂಡು ಕೂತೆ. ಇಳಿಹೊತ್ತಿಗೆ ರಾಜ ಸಂತೆ ನೋಡಲು ಬಂದ.

"ಎಷ್ಟು ಜನ ಕೇಳಿದರೋ ಸಿಂಗಾರಪ್ಪ?"

"ಸಾವಿರ ಜನ ಮಹಾಸ್ವಾಮಿ. ಗಂಗೆ ಮುಟ್ಟಿ ಹೇಳ್ತೀನಿ."

ಏನು ಕೂಗಿಸಿದ್ದೆ ಅಂತ ನಾನು ಹೇಳಿದೆ. ರಾಜ ನನ್ನ ಮುಂದಿದ್ದ ನಲವತ್ತು ಗಡಿಗೆ ಎಣಿಸಿದ. ನಲವತ್ತೂ ಇದ್ದವು.

"ಈ ಊರಲ್ಲಿ ಬಿಟ್ಟಿ ಸಿಕ್ಕರೆ ಸೆಗಣೀನೂ ಬಿಡೋರಿಲ್ಲ. ಸಾವಿರ ಜನರಲ್ಲಿ ಒಬ್ಬನಿಗೂ ಗಡಿಗೆ ಬೇಡವಾಯ್ತೇನೋ?"

ಸಿಂಗಾರಪ್ಪ ಗುಡಾರದ ಕಡೆ ಹೆಜ್ಜೆ ಹಿಂದಿಟ್ಟ.

ಗುಡಾರ ಕಿತ್ತರು. ಒಳಗಿದ್ದ ಗಡಿಗೆ ನನಗೆ ಬಂದವು. ಮಳೆ ಬರೋವರೆಗೂ ಹೊಲದಲ್ಲಿ ನಿಂತು ಬೊಂಬೆಗಳಿಗೆ ತನ್ನ ಹೆಸರು ತಾನೇ ಕೂಗಬೇಕು ಅಂತ ಅವನಿಗೆ ಅಪ್ಪಣೆ ಆಯಿತು.

ನೀತಿ ಇಷ್ಟೇ ಮಕ್ಕಳೇ. ಮಾರೋನೂ ಕೊಳ್ಳೋನೂ ಮುಖ ನೋಡದ ಕಡೆ ಕೊಬ್ಬೋದು ನಡುವೆ ಕೂತವನು. ಎಷ್ಟು ಕಿವಿ ಅಂತ ಕೇಳಬೇಡಿ. ಯಾರ ಕಿವಿ ಅಂತ ಕೇಳಿ.

ಮಾರನೇ ಬೆಳಗ್ಗೆ ಗಡಿಗೆ ಹೊತ್ತು ಚೆನ್ನವ್ವನ ಜಗುಲಿ ಮೇಲೆ ಕೂತೆ. ಕೂಗಲಿಲ್ಲ. ನೀರಿಗೆ ಹೊರಟವಳೊಬ್ಬಳು ನಿಂತಳು. ಒಂದು ಗಡಿಗೆ ಎತ್ತಿ ಬೆರಳಲ್ಲಿ ಬಡಿದಳು, ಮೈ ಸವರಿದಳು.

"ಇಷ್ಟು ನುಣುಪಾಗಿ ಉಜ್ಜಿದ್ದು ಯಾರಣ್ಣ?"

"ನನ್ನ ಹೆಂಡತಿ, ಸಣ್ಣೀರವ್ವ" ಅಂದೆ.