ಚಾವಣಿಯೊಳಗಿನ ನಡುಕ

ಘಟಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಅಡಿವೆಪ್ಪಜ್ಜ ಎಂಬ ಗುರುಗಳಿದ್ದರು.

ಸೋಮವಾರ ಬೆಳಿಗ್ಗೆ ಸುತ್ತಲ ಊರಿನ ಮಂದಿ ಬಂದು ಪ್ರಾರ್ಥನೆ ಮನೆಯಲ್ಲಿ ಕೂರುತ್ತಿದ್ದರು. ಅಜ್ಜ ನಾಲ್ಕು ಮಾತು ಹೇಳುತ್ತಿದ್ದರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು. ಅಲ್ಲಿ ನಡೆಯುತ್ತಿದ್ದುದು ಅಷ್ಟೇ.

ವಯಸ್ಸಾಗಿ ಅಜ್ಜನ ದನಿ ಸೋತಿತು. ಹಿಂದಿನ ಸಾಲಿಗೆ ಕೇಳದಾಯಿತು.

ಶಿಷ್ಯ ಚನ್ನವೀರ ಆಶ್ರಮಕ್ಕೆ ಬರುವ ಮೊದಲು ಹುಬ್ಬಳ್ಳಿಯಲ್ಲಿ ಸಿನಿಮಾ ಮಂದಿರಗಳಿಗೆ ಸ್ಪೀಕರ್ ಕೂರಿಸುತ್ತಿದ್ದವನು. "ಚಾವಣಿ ಒಳಗ ಸ್ಪೀಕರ್ ಕೂಡಸ್ತೀನ್ರಿ ಅಜ್ಜಾರ. ಕಣ್ಣಿಗೆ ಕಾಣೂದಿಲ್ಲ, ಎಲ್ಲಾರಿಗೂ ಕೇಳಸ್ತದ" ಎಂದ.

ಅಜ್ಜ ಒಪ್ಪಿದರು.

ಚನ್ನವೀರ ಚಾವಣಿಯ ಜಿಪ್ಸಂ ಹಲಗೆಗೆ ದುಂಡಗೆ ತೂತು ಕೊರೆದ. ಒಳಗಿಂದ ವೈರು ಎಳೆದ. ಸ್ಪೀಕರುಗಳನ್ನು ಹಲಗೆಯ ಮಟ್ಟಕ್ಕೆ ಹುದುಗಿಸಿ ಬಿಳಿ ಜಾಲರಿ ಹೊದಿಸಿದ. ಕೆಳಗೆ ನಿಂತವರಿಗೆ ಬರೀ ಬಿಳಿ ಚಾವಣಿ ಕಾಣುತ್ತಿತ್ತು.

ಕೊನೆಗೆ ಎರಡು ದೊಡ್ಡ ಡಬ್ಬಿಗಳನ್ನು ಏರಿಸುವಾಗ ಅಜ್ಜ ಕೇಳಿದರು. "ಇವು ಯಾತಕ್ಕೋ?"

"ಸಬ್‌ವೂಫರ್ ಅಂತಾರ್ರಿ. ತಳದ ದನಿಗೆ. ಕಿವಿಗಿಂತ ಎದಿಗೆ ಜಾಸ್ತಿ ತಿಳೀತದ."

"ನನ್ನ ಮಾತಿಗೆ ಅಷ್ಟು ತಳ ಎಲ್ಲಿ ಐತೋ?"

ಚನ್ನವೀರ ನಕ್ಕು ಏಣಿ ಏರಿದ.

ಮೊದಲ ಸೋಮವಾರ ಅಜ್ಜನ ಮಾತು ಕಟ್ಟಕಡೆಯ ಸಾಲಿಗೂ ಮುಟ್ಟಿತು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿದರು. ಅಜ್ಜನ ಬೆನ್ನ ಹಿಂದಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂತಿದ್ದ ಚನ್ನವೀರ ಕಿಟಕಿಯಿಂದ ಮಂದಿಯನ್ನು ನೋಡಿದ. ಒಬ್ಬ ಆಕಳಿಸಿದ. ಒಬ್ಬಳು ಕಾಲು ಬದಲಿಸಿದಳು.

ಪಾಪ, ಇಷ್ಟು ದೂರ ಬಂದು ಬರಿಗೈಲಿ ಹೋಗುತ್ತಾರಲ್ಲ ಎನಿಸಿತು ಅವನಿಗೆ.

ಅವನ ಬೆರಳು ಒಂದು ಗುಂಡಿಯನ್ನು ತಿರುಗಿಸಿತು. ಕಿವಿಗೆ ಸಿಗದಷ್ಟು ಕೆಳಗಿನ ಒಂದು ನಾದ ಚಾವಣಿಯಿಂದ ಇಳಿಯಿತು. ನಿಧಾನಕ್ಕೆ ಏರಿಸಿದ.

ಹಿಂದಿನ ಸಾಲಿನಲ್ಲಿ ಕೌದಿ ಹೊಲಿಯುವ ಕಲ್ಲವ್ವ ಕೂತಿದ್ದಳು. ಆಕೆಯ ಕೈ ತಾನಾಗಿ ಎದೆಗೆ ಹೋಯಿತು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಮತ್ತೊಂದು ಮೂಲೆಯಲ್ಲಿ ಯಾರೋ ಬಿಕ್ಕಿದರು.

ಹೊರಗೆ ಬಂದಾಗ ಕಲ್ಲವ್ವ ಚನ್ನವೀರನ ಕೈ ಹಿಡಿದಳು. "ಇಷ್ಟು ವರ್ಷ ಕಲ್ಲಿನಂಗ ಕುಂತು ಎದ್ದು ಹೋಗ್ತಿದ್ದೆ. ಇವತ್ತ ಎದಿಯೊಳಗ ಯಾರೋ ಬಂದ್ರಪ್ಪ."

ಚನ್ನವೀರ ಗುಂಡಿಯ ಸುದ್ದಿ ಎತ್ತದೆ ಆಕೆಗೆ ಚಪ್ಪಲಿ ಹುಡುಕಿಕೊಟ್ಟ. ಅವನಿಗೂ ಹೊಟ್ಟೆ ತುಂಬಿದಂತಾಗಿತ್ತು.

ಮುಂದಿನ ಸೋಮವಾರವೂ ಗುಂಡಿ ತಿರುಗಿತು. ಅದರ ಮುಂದಿನದೂ. ಸುದ್ದಿ ಹಬ್ಬಿತು. ಚಪ್ಪಲಿಗಳು ಗೇಟಿನ ತನಕ ಹರಡಿಕೊಂಡವು.

ಒಂದು ಮಧ್ಯಾಹ್ನ ಕಲ್ಲವ್ವನ ಮಗಳು ಸಾವಿತ್ರಿ ಏದುಸಿರು ಬಿಡುತ್ತ ಬಂದಳು.

"ನಮ್ಮವ್ವ ಆಪರೇಷನ್ ಒಲ್ಲೆ ಅಂತಾಳ್ರಿ."

"ಯಾವ ಆಪರೇಷನ್?"

"ಹೃದಯದ್ದರಿ. ಒಳಗ ಒಂದು ಕವಾಟ ಕೆಟ್ಟೈತಿ. ಬೆಳಗಾವಿ ದವಾಖಾನ್ಯಾಗ ತಾರೀಖು ಕೊಟ್ಟಾರ. ದೇವರ ಎದಿ ಮುಟ್ಟ್ಯಾನ, ಇನ್ನ ಡಾಕ್ಟರು ಯಾಕ ಅಂತಾಳ. ನಿನ್ನೆ ಗುಳಿಗಿನೂ ಹೊಳಿಗೆ ಒಗದ್ಲು. ಅಜ್ಜಾರ ಕಡೆಯಿಂದ ಒಂದು ಮಾತು ಹೇಳಸ್ರಿ."

ಚನ್ನವೀರ ಸಾವಿತ್ರಿಯನ್ನು ಅಲ್ಲೇ ಬಿಟ್ಟು ಹೊಳೆಗೆ ಓಡಿದ.

ಅಜ್ಜ ಧೋತರ ಒಗೆಯುತ್ತಿದ್ದರು. ಚನ್ನವೀರ ನಿಂತಲ್ಲೇ ಎಲ್ಲ ಹೇಳಿದ. ಡಬ್ಬಿ, ಗುಂಡಿ, ಕಲ್ಲವ್ವ, ಗುಳಿಗೆ.

ಅಜ್ಜನ ಕೈ ನಿಂತಿತು. ಧೋತರ ಜಾರಿ ನೀರಿನ ಸೆಳವಿಗೆ ಸಿಕ್ಕಿತು. ಇಬ್ಬರೂ ಅದನ್ನು ಹಿಡಿಯಲಿಲ್ಲ.

"ಎಲ್ಲಾ ಸೋಮವಾರಾನೂ?"

"ಹೌದ್ರಿ."

"ಮೊದಲನೇ ದಿನಾನೂ?"

"ಹೌದ್ರಿ ಅಜ್ಜಾರ."

ಅಜ್ಜ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

"ಅವತ್ತ ನಾನೂ ಅತ್ತೆನೋ ಚನ್ನವೀರ."

ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ ಚನ್ನವೀರ. ಹೊರಗೆ ಹಾಕಿದರೂ ಸರಿ ಎಂದುಕೊಂಡಿದ್ದ. ಇದಕ್ಕೆ ಮಾತ್ರ ಸಿದ್ಧನಿರಲಿಲ್ಲ.

"ಆಯುಷ್ಯ ಪೂರ್ತಿ ಕುಂತಿದ್ದಕ್ಕ ಕಡೀಕೂ ಬಂತು ಅಂದ್ಕೊಂಡೆ" ಎಂದರು ಅಜ್ಜ. ಅವರ ಕಣ್ಣು ನೀರಿನ ಮೇಲಿತ್ತು.

ಚನ್ನವೀರ ಮೆಲ್ಲಗೆ ಅಂದ. "ಇದು ನಮ್ಮಿಬ್ಬರೊಳಗ ಇರಲ್ರಿ. ದೇವರ ಕನಸಿನ್ಯಾಗ ಬಂದು ದವಾಖಾನಿಗೆ ಹೋಗು ಅಂದಾನ ಅಂತ ಕಲ್ಲವ್ವಗ ನೀವು ಹೇಳಿದ್ರ ಸಾಕು. ಹೋಗ್ತಾಳ."

ಅಜ್ಜ ಅವನ ಕಡೆ ತಿರುಗಿದರು.

"ನಿನ್ನ ಸುಳ್ಳಿಗೆ ಯಂತ್ರ ಆತು. ಇನ್ನ ನನ್ನ ಬಾಯಿ ಬೇಕೇನು?"

ಮರುದಿನ ಸೋಮವಾರ. ಕೂರಲು ಜಾಗವಿರಲಿಲ್ಲ. ಅಜ್ಜ ತಮ್ಮ ಗದ್ದುಗೆಗೆ ಹೋಗಲಿಲ್ಲ. ಹಿಂದೆ ಹೋಗಿ ಕಲ್ಲವ್ವನ ಪಕ್ಕ ನೆಲದ ಮೇಲೆ ಕೂತರು.

"ಹೇಳು ಚನ್ನವೀರ."

ಅವನು ಎದ್ದು ನಿಂತು ಎಲ್ಲ ಹೇಳಿದ.

ಕಲ್ಲವ್ವ ನಂಬಲಿಲ್ಲ. "ಹಚ್ಚಿ ತೋರಸು" ಎಂದಳು.

ಅವನು ಕೋಣೆಗೆ ಹೋಗಿ ಗುಂಡಿ ತಿರುಗಿಸಿದ. ಕಲ್ಲವ್ವ ಈ ಸಲ ಕಣ್ಣು ಮುಚ್ಚಲಿಲ್ಲ. ಎದೆಯ ಮೇಲೆ ಕೈ ಇಟ್ಟು ಚಾವಣಿ ನೋಡುತ್ತ ಕೂತಳು. ನಡುಕ ಬಂತು.

"ಆರಸು."

ನಡುಕ ಹೋಯಿತು.

"ಹಚ್ಚು."

ಮತ್ತೆ ಬಂತು.

"ಸಾಕು."

ಕಿಟಕಿಯಿಂದ ಚನ್ನವೀರ ಆಕೆಯ ಮುಖ ನೋಡಿದ. ಮನೆಯವರು ಸತ್ತ ಸುದ್ದಿ ಕೇಳಿದವರ ಮುಖ ಅದು. ಅವನು ಹೊರಗೆ ಬಂದು ಆಕೆಯ ಮುಂದೆ ನಿಂತ.

"ನೀ ನನ್ನ ಕಪಾಳಕ್ಕ ಹೊಡದಿದ್ರ ತಡಕೋತಿದ್ದೆ" ಎಂದಳು ಕಲ್ಲವ್ವ. ದನಿ ಏರಿಸಲಿಲ್ಲ. ಆಮೇಲೆ ಅಜ್ಜನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

"ಇಲ್ಲವ್ವ. ದೇವರ ಬಂದಾನ ಅಂತ ನಾನೂ ಅತ್ತೆ."

ಆ ಮಾತಿಗೆ ಪ್ರಾರ್ಥನೆ ಮನೆ ತುಂಬ ಗುಜುಗುಜು ಎದ್ದಿತು. ಗುರುವಿಗೇ ತಿಳಿಯದಿದ್ದರೆ ಎಂದು ಯಾರೋ ಗೊಣಗಿದರು. ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿದರು.

ಕಲ್ಲವ್ವ ಕಡೆಯವರೆಗೂ ಕೂತಿದ್ದಳು. ಆಮೇಲೆ ಮಗಳ ಭುಜ ಹಿಡಿದು ಎದ್ದಳು.

"ಸಾವಿತ್ರಿ, ದವಾಖಾನಿಗೆ ಫೋನ್ ಮಾಡು. ತಾರೀಖು ಇನ್ನೂ ಐತೇನು ಕೇಳು."

ಆ ಮಧ್ಯಾಹ್ನವೇ ಚನ್ನವೀರ ಏಣಿ ಏರಿ ಸಬ್‌ವೂಫರುಗಳ ಸ್ಕ್ರೂ ಬಿಚ್ಚಿದ. ಕೆಳಗೆ ಅಜ್ಜ ಏಣಿ ಹಿಡಿದು ನಿಂತಿದ್ದರು.

"ನನ್ನ ಇಲ್ಲಿಂದ ಕಳಸಿಬಿಡ್ರಿ ಅಜ್ಜಾರ."

"ಮೊದಲ ಅದನ್ನ ಕೊಡು ಇಲ್ಲಿ. ಭಾರ ಐತಿ, ನೀ ಬಿದ್ದೀ."

ಮುದಿ ತೋಳುಗಳು ಡಬ್ಬಿಗಳನ್ನು ಒಂದೊಂದಾಗಿ ಇಳಿಸಿಕೊಂಡವು.

"ಸ್ಪೀಕರನೂ ತಗೀಲೇನ್ರಿ?"

"ಅವು ಇರಲಿ. ಹಿಂದಿನವರಿಗೆ ಕೇಳಬೇಕಲ್ಲ."

ಬೆಳಗಾವಿಯಲ್ಲಿ ಕಲ್ಲವ್ವನ ಆಪರೇಷನ್ ಆಯಿತು. ಆ ದಿನ ಅಜ್ಜ ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯ ತನಕ ಕೂತಿದ್ದರು. ಆಮೇಲಿನ ದಿನಗಳಲ್ಲಿ ಚನ್ನವೀರ ಬುತ್ತಿ ಒಯ್ದು ಕೊಡುತ್ತಿದ್ದ. ಕಲ್ಲವ್ವ ರೊಟ್ಟಿ ತಿನ್ನುತ್ತಿದ್ದಳು, ಅವನೊಡನೆ ಮಾತಾಡುತ್ತಿರಲಿಲ್ಲ.

ಬೇಸಿಗೆ ಕಳೆದ ಮೇಲೆ ಆಕೆ ಮತ್ತೆ ಆಶ್ರಮಕ್ಕೆ ಬಂದಳು. ಸೊರಗಿ ಇಳಿದುಹೋಗಿದ್ದಳು. ಪ್ರಾರ್ಥನೆ ಮನೆಯಲ್ಲಿ ಒಂದು ಸಾಲೂ ತುಂಬಿರಲಿಲ್ಲ.

ಅಜ್ಜ ನಾಲ್ಕು ಮಾತು ಹೇಳಿದರು. ಎಲ್ಲರೂ ಕಣ್ಣು ಮುಚ್ಚಿದರು. ಚನ್ನವೀರನೂ ಕೋಣೆ ಬಿಟ್ಟು ಬಂದು ಕಲ್ಲವ್ವನಿಂದ ತುಸು ದೂರ ಕೂತ. ಹೊಳೆಯ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮಿದರು.

ಹೊತ್ತಾದ ಮೇಲೆ ಕಣ್ಣು ತೆರೆದರು. ಕಲ್ಲವ್ವ ಗೋಡೆ ಹಿಡಿದು ಎದ್ದಳು.

"ಅಜ್ಜಾರ, ಇವತ್ತ ನನಗೇನೂ ಆಗಲಿಲ್ರಿ."

ಚನ್ನವೀರ ತಲೆ ತಗ್ಗಿಸಿದ. ಗುರುವಾದವರು ಇದಕ್ಕೊಂದು ಸಮಾಧಾನ ಹೇಳಲೇಬೇಕು ಎಂದು ಕಾದ.

"ನನಗೂ ಇಲ್ಲವ್ವ" ಎಂದರು ಅಜ್ಜ. "ಬರೂ ಸೋಮವಾರ ಮತ್ತ ಕೂಡೂಣು."